ರುದ್ರಮುನಿಯವರು ತೆರೆದ ಕರೆಯೋಲೆ

ಮೂಡಲಪಾಳ್ಯದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ದೆವ್ವ ಗಿವ್ವ ಎಂದರೆ ನನಗೆ ಮೈ ಉರಿಯುತ್ತದೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ರಿಟೈರ್ಡ್ ತಹಶೀಲ್ದಾರ್ ರುದ್ರಮುನಿಯವರು ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ತಂದರು. ಮೇಲ್‌ನಲ್ಲಿ ಯಾರದೋ ಗೃಹಪ್ರವೇಶದ ಕರೆಯೋಲೆ ಬಂದಿತ್ತಂತೆ. ಆಂಟಿವೈರಸ್ ತಡೆಯಿತೆಂದು ಅದನ್ನೇ ಆಫ್ ಮಾಡಿ ತೆರೆದಿದ್ದರು.

"ಬೇಡ ಅಂತ ತೋರಿಸಿದ್ರೂ ಯಾಕೆ ಸಾರ್ ಓಪನ್ ಮಾಡಿದ್ರಿ?" ಎಂದು ರೇಗಿದೆ.

"ಕರೆದೋರ ಕಾರ್ಡೂ ನೋಡದೆ ಇದ್ರೆ ಏನಂದ್ಕೋತಾರಮ್ಮಾ?" ಎಂದು ಬಿಟ್ಟುಹೋದರು.

ಅದು ಟ್ರೋಜನ್. ನೆಂಟರ ವೇಷದಲ್ಲಿ ಒಳಗೆ ಬಂದು, ಕಳ್ಳರಿಗೆ ಹಿಂಬಾಗಿಲು ತೆಗೆದುಕೊಡುವಂಥದ್ದು. ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಸ್ಕ್ಯಾನ್ ಮಾಡಿ ಅಳಿಸಿದೆ. ಹಾಳಾದ್ದು ಮತ್ತೆ ಬಂತು. ಬೈದುಕೊಂಡು ಹೊಸ ಡಿಸ್ಕನ್ನೇ ಕೂರಿಸಿ ವಿಂಡೋಸ್ ಹಾಕಿದೆ. ಏಪ್ರಿಲ್ ಬಿಸಿಲಿನಲ್ಲೂ ಕೀಬೋರ್ಡ್ ಮಾತ್ರ ಐಸಿನಂತೆ ಕೊರೆಯುತ್ತಿತ್ತು. ಕ್ಯಾಮೆರಾ ಪಕ್ಕದ ದೀಪ ಆರುತ್ತಲೇ ಇರಲಿಲ್ಲ. ಹಣೆಯ ಸ್ಟಿಕ್ಕರ್ ಕಿತ್ತು ಕ್ಯಾಮೆರಾಕ್ಕೆ ಅಂಟಿಸಿದೆ.

ನೆಟ್ಟನ್ನೇ ಕಾಣದ ಆ ಹೊಸ ಡಿಸ್ಕಿನಲ್ಲಿ ಒಂದು ಕರೆಯೋಲೆ ತಾನಾಗಿ ತೆರೆದುಕೊಂಡಿತು. ಗೃಹಪ್ರವೇಶ ಆ ದಿನವೇ. ವಿಳಾಸ ನಮ್ಮ ಮನೆಯದು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು.

"ಯಾರೋ ಬಂದವ್ರೆ ಕಣೇ. ನೀನೇ ಕರೆದಿದ್ದಂತೆ. ನಡುಮನೇಲಿ ಕೂರಿಸಿದೀನಿ."

ಕ್ಯಾಮೆರಾದ ದೀಪ ಆಗ ಆರಿತು.

ಮನೆಗೆ ಓಡಿದೆ. ಅಮ್ಮ ಹೊಸ್ತಿಲ ಬಳಿ ಕೂತು ಹೂ ಕಟ್ಟುತ್ತಿದ್ದಳು. ನಡುಮನೆಯಲ್ಲಿ ಯಾರೂ ಇರಲಿಲ್ಲ. ಕುರ್ಚಿ ಮುಟ್ಟಿದರೆ ಐಸಿನಂತೆ ಕೊರೆಯಿತು. ನಮ್ಮ ಮನೆಗಿರುವುದು ಅದೊಂದೇ ಬಾಗಿಲು. ಆ ಬಾಗಿಲಿನಿಂದ ಯಾರೂ ಹೊರಗೆ ಹೋಗಲಿಲ್ಲ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ.