ಹಸುರು ಬಳೆಯ ಕೈ

"ಕೈತುಂಬ ಹಸುರು ಬಳಿ, ಹಣಿ ಮ್ಯಾಲ ಕುಂಕುಮ ಇತ್ತುರೀ ಅಮೀನಸಾಬ್ರ. ಮುತ್ತೈದಿ ಅಂತ ಒಳಗ ಕರ್ಕೊಂಡೆ," ಅಂದಳು ಮುಕ್ಕುಂದದ ತಿಮ್ಮವ್ವ.

೧೯೫೪ರ ಜನವರಿ, ಸಿಂಧನೂರು ಠಾಣೆ. ತಿಮ್ಮವ್ವನ ಮಗ ಯಂಕೋಬನಿಗೆ ಬಂದದ್ದು ಬರೀ ಜ್ವರ. ಆ ಹೆಂಗಸು ತೋಳಿಗೆ ಸೂಜಿ ಮಾಡಿ ಹೋದಳು. ತೋಳು ಬಾತು, ಕೀವಾಗಿ, ನಂಜೇರಿ ಮಗ ಹೋಗಿಬಿಟ್ಟ.

"ಸೂಜಿ ಕುದಿಸಿದಳೇನು?" ಜನರ ಬಾಯಲ್ಲಿ ಅಮೀನಸಾಬನಾದ ಇನ್ಸ್‌ಪೆಕ್ಟರ್ ಬಸವಂತರಾಯ ಕೇಳಿದ.

"ನೀರು ಇಡ್ತೀನಿ ಅಂದೆರೀ. ಬ್ಯಾಡ, ಹೊತ್ತಾಗತೈತಿ ಅಂದಳು. ಲಿಂಗಸುಗೂರಿನ ಕಂಪೌಂಡರ್ ಸಾಲ್ಯಾಗ ಕಲಿಯಾಕತ್ತಾಳಂತ."

ಎಫ್‌ಐಆರ್ ಆಯಿತು. ಮುಕ್ಕುಂದದಲ್ಲಿ ಪಂಚನಾಮೆಗೆ ಕೂತಾಗ ಹಾಸಿಗೆಯ ಬುಡದಲ್ಲಿ ಒಂದು ಚೂರು ಹಸುರು ಬಳೆ ಸಿಕ್ಕಿತು. ಮರುದಿನ ಬೆಳಿಗ್ಗೆ ಅದನ್ನು ಜೇಬಿಗಿಟ್ಟುಕೊಂಡು ಬಸವಂತರಾಯ ಕಾನ್‌ಸ್ಟೇಬಲ್ ಮೌಲಾಸಾಬನೊಡನೆ ಜೀಪಿನಲ್ಲಿ ಲಿಂಗಸುಗೂರಿಗೆ ಹೊರಟ.

ಎರಡು ಕೋಣೆಯ ಖಾಸಗಿ ಸಾಲೆ. ನಡೆಸುವ ಕರಿಬಸಯ್ಯ ನಕ್ಕೇಬಿಟ್ಟ. "ನಮ್ಮಲ್ಲಿ ಹೆಣ್ಣಂದ್ರ ಶಿವಬಸಮ್ಮ ಒಬ್ಬಾಕಿನರೀ. ಗಂಡ ಸತ್ತಾಕಿ. ಆಕಿಗೆಲ್ಲಿ ಬಳಿ?"

"ಸೂಜಿ ಮಾಡೋದು ಹ್ಯಾಂಗ ಕಲಿಸ್ತೀರಿ?"

"ಮೊದಲು ಬದನಿಕಾಯಿಗೆ. ಆಮ್ಯಾಲ ಐವತ್ತು ಮಂದಿಗೆ ಮಾಡಿದ್ರನ ಸರ್ಟಿಫಿಕೇಟ್. ಮೈದುನರ ಮನಿ ಮೂಲ್ಯಾಗ ಕೊಳೆಯೋದು ತಪ್ಪಲಿ ಅಂತ ಬಂದಾಳ ಪಾಪ. ಆದ್ರ ಬಳಿ ಇಲ್ಲದ ಆ ಕೈಗೆ ಈ ಊರಾಗ ಒಬ್ಬರೂ ತೋಳು ಕೊಡಲಿಲ್ಲ. ಈಗ ಹೊರಗಿನ ಊರಾಗ ಹ್ಯಾಂಗೋ ಸಿಗಾಕತ್ತಾರ, ನನಗೂ ಸೋಜಿಗ."

ಬಸವಂತರಾಯ ನಗಲಿಲ್ಲ. ನೆಟ್ಟಗೆ ಬಳೆ ಮಾರುವ ಲಾಲ್‌ಬೀ ಹತ್ತಿರ ಹೋಗಿ ಚೂರು ತೋರಿಸಿದ.

"ನಂದೇ ಮಾಲ್. ಯಾವೂರಾಕಿನೋ, ಸೆರಗು ಮುಖದ ತನಕ ಎಳಕೊಂಡು ಸಂತಿ ಸಂತಿಗೆ ಬರ್ತಾಳ್ರೀ. ಕೈ ಬಿರುಸಾಗ್ಯಾವ, ಸಾಬೂನು ಹಚ್ಚಿದ್ರೂ ಬಳಿ ಏರವಲ್ಲವು. ಮುಂದಿನ ವಾರ ನೋಡಿದ್ರ ಮತ್ತ ಬರಿಗೈ! ಗಂಡನ ಜೋಡಿ ದಿನಾ ಬಡದಾಡ್ತೀಯೇನವ್ವ ಅಂತ ನಗ್ಯಾಡಿದೆ. ಆಕಿ ನಗಲಿಲ್ಲ."

"ಈಗ ಎಲ್ಲಿ?"

"ತೊಟ್ಟುಕೊಂಡು ಮಸ್ಕಿ ಬಸ್ಸು ಹತ್ತಿದಳು. ಧೂಳು ಇನ್ನಾ ಕುಂತಿಲ್ಲ ನೋಡ್ರಿ."

ಮಸ್ಕಿಯಲ್ಲಿ ಸೂಜಿ ಮಾಡೋ ಅಮ್ಮ ಯಾವ ಮನೆಗೆ ಹೋದಳೆಂದು ಕೇಳಿದರೆ ಗಾಣಿಗರ ಓಣಿಯತ್ತ ಕೈ ತೋರಿಸಿದರು. ಆ ಮನೆಯೊಳಗೆ ಜ್ವರದ ಬಾಣಂತಿಯೊಬ್ಬಳು ತೋಳು ಚಾಚಿ ಮಲಗಿದ್ದಳು. ಒಲೆಯ ಮೇಲೆ ಮನೆಯಾಕೆ ಇಟ್ಟ ನೀರು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಸೂಜಿಯಲ್ಲಿ ಮದ್ದು ಮಾತ್ರ ಆಗಲೇ ತುಂಬಿತ್ತು.

"ಕೆಳಗಿಡು, ಶಿವಬಸಮ್ಮ."

ಹೆಸರು ಕೇಳಿ ಹಸುರು ಬಳೆಗಳು ಗಲ್ಲೆಂದವು. ಮೌಲಾಸಾಬ ಸೂಜಿ ಕಸಿದುಕೊಂಡ.

"ಕುದಿಸಬೇಕಂತ ಸಾಲ್ಯಾಗ ಕಲಿಸಿಲ್ಲೇನು?" ಬಸವಂತರಾಯ ಕೇಳಿದ.

"ಕಲಿಸ್ಯಾರ್ರೀ. ಆದ್ರ ನೀರು ಕುದಿಯೋತನಕ ಕುಂದ್ರಬೇಕಲ್ಲ? ಕುಂತ್ರ ಹೆಣ್ಮಕ್ಕಳು ಸುಮ್ಮನಿರ್ತಾರೇನು? ಒಡಪು ಹಾಕಿ ಗಂಡನ ಹೆಸರು ಹೇಳವ್ವ ಅಂತಾರ. ಮೊದಲನೇ ಮನ್ಯಾಗ ಹಂಗ ಕೇಳಿದ್ರು. ಸತ್ತವನ ಹೆಸರು ಬಾಯಿಗೆ ಬರಲಿಲ್ಲ. ಎದ್ದು ಓಡಿಬಂದೆ. ಅವತ್ತಿಂದ ನೀರು ಕಾಯಲಿಲ್ಲ."

"ಮುಕ್ಕುಂದದ ಯಂಕೋಬ ಸತ್ತ."

ಶಿವಬಸಮ್ಮ ಬಳೆಯ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಅವರವ್ವ ನನಗ ಮುತ್ತೈದಿ ಅಂತ ಉಡಿ ತುಂಬಿ ಕಳಿಸಿದ್ದಳ್ರೀ," ಅಂದಳು.

ಪಂಚನಾಮೆ ಬರೆದು, ಅವಳನ್ನು ಜೀಪಿನತ್ತ ಕರೆದೊಯ್ಯುವ ಹೊತ್ತಿಗೆ ಒಲೆಯ ಮೇಲಿನ ನೀರು ಕುದಿಬಂತು. ಇಳಿಸಲು ಯಾರೂ ಏಳಲಿಲ್ಲ.