ನ್ಯಾಮತಿ ಬಸ್ ಹತ್ತಿದ ಫ್ಲಾಪಿ

ಶನಿವಾರ ಸಂಜೆ ರುದ್ರಾಣಿ ಕಂಪ್ಯೂಟರಿನ ಕಪ್ಪು ಫ್ಲಾಪಿಯೊಂದನ್ನು ಮೆಲ್ಲಗೆ ತನ್ನ ಬ್ಯಾಗಿನೊಳಗೆ ಇಳಿಸಿದ್ದನ್ನು ಮರುಳಪ್ಪ ಕಣ್ಣಾರೆ ಕಂಡ. ಅವನು ಅದನ್ನೇ ನೋಡಬೇಕೆಂದು ನೋಡಿದ್ದಲ್ಲ. ಹೊರಡುವ ಮುಂಚೆ ಆಕೆ ಜಡೆ ಮುಂದಕ್ಕೆ ಹಾಕಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಾಳಲ್ಲ, ಅದನ್ನು ನೋಡುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಆ ದಿನ ಸೆರಗಿನ ಜೊತೆ ಫ್ಲಾಪಿಯೂ ಕಣ್ಣಿಗೆ ಬಿತ್ತು.

ಅವನ ಎರಡು ವರ್ಷದ ದುಡಿಮೆಯೆಲ್ಲ ಇದ್ದದ್ದು ಅಂಥದೊಂದು ಫ್ಲಾಪಿಯಲ್ಲೇ.

ಅದು ಎಂಬತ್ತೊಂಬತ್ತನೇ ಇಸವಿ. ಹೊನ್ನಾಳಿಯಲ್ಲಿ ಮರುಳಪ್ಪನದೊಂದು ಪ್ರಿಂಟಿಂಗ್ ಪ್ರೆಸ್ ಇತ್ತು. ಲಗ್ನಪತ್ರಿಕೆ, ಬಿಲ್‌ಬುಕ್ ಅಚ್ಚು ಹಾಕಿ ಹಾಕಿ ಬೇಸತ್ತ ಅವನ ತಲೆಗೆ ಒಂದು ಹುಚ್ಚು ಹೊಕ್ಕಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರಿನ ಸುತ್ತಮುತ್ತ ಯಾವ ಕೆಲಸಕ್ಕೆ ಯಾರನ್ನು ಹುಡುಕಬೇಕು ಎಂದು ಹೇಳುವ ಒಂದು ಪುಸ್ತಕ ತರಬೇಕು. ಮುರಿದ ಮೂಳೆ ಕಟ್ಟುವವರು ಕೆರೆಬಿಳಚಿಯಲ್ಲಿ ಯಾರು, ಜಗಳೂರಿನಲ್ಲಿ ನೀರಿನ ಸೆಲೆ ತೋರಿಸುವವರು ಯಾರು, ತ್ಯಾವಣಿಗೆಯಲ್ಲಿ ಪಂಪ್‌ಸೆಟ್ ರಿಪೇರಿಗೆ ಯಾರ ಕೈ ಚೆನ್ನ. ಎರಡು ವರ್ಷ ಬಸ್ಸು, ಸೈಕಲ್ಲು, ಕಾಲ್ನಡಿಗೆ ಎನ್ನದೆ ಸುತ್ತಿ ಚೀಟಿಗಳಲ್ಲಿ ಬರೆದು ತಂದಿದ್ದ. ಹೆಸರುಗಳನ್ನು ಜೋಡಿಸಿಕೊಡಲೆಂದು ದಾವಣಗೆರೆಯಿಂದ ಹಳೆಯದೊಂದು ಕಂಪ್ಯೂಟರ್ ತಂದ. ಅದನ್ನು ನಡೆಸಲು ಬಂದವಳೇ ನ್ಯಾಮತಿಯ ರುದ್ರಾಣಿ. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಪಟಪಟನೆ ಹೊಡೆದು ಎಲ್ಲವನ್ನೂ ಒಂದು ಫ್ಲಾಪಿಗೆ ತುಂಬಿದ್ದಳು. ಚೀಟಿಗಳು ಮರುಳಪ್ಪನ ತಾಯಿ ಶಂಕ್ರಮ್ಮನವರ ಬಚ್ಚಲ ಒಲೆಗೆ ಹೋದವು.

"ಇನ್ಯಾಕವ್ವ ಅವು? ಎಲ್ಲಾ ಕಂಪ್ಯೂಟರ್‌ನಾಗೆ ಐತಲ್ಲ" ಎಂದು ಕೊಟ್ಟವನು ಅವನೇ.

ಈಗ ನೋಡಿದರೆ ಆ ಎರಡು ವರ್ಷದ ಬೆವರು ರುದ್ರಾಣಿಯ ಬ್ಯಾಗಿನಲ್ಲಿ ಕೂತು ಹೊರಟಿತ್ತು. ಅವಸರವಾಗಿ ಕಂಪ್ಯೂಟರ್ ಕೋಣೆಗೆ ಹೋಗಿ ನೋಡಿದ. ಪ್ರೆಸ್ಸಿನ ಫ್ಲಾಪಿ ಇದ್ದಲ್ಲೇ ಇತ್ತು. ಹಾಗಾದರೆ ಆಕೆ ಒಯ್ದದ್ದೇನು? ಬೇರೆ ಪ್ರೆಸ್ಸಿನವರು ಯಾರಾದರೂ ಆಸೆ ತೋರಿಸಿದರೇ? ಚಪ್ಪಲಿ ಮೆಟ್ಟಿದವನೇ ಬಸ್‌ಸ್ಟ್ಯಾಂಡಿಗೆ ಓಡಿದ.

"ರುದ್ರಾಣಿಯವ್ರೇ, ಬ್ಯಾಗ್‌ನಾಗೆ ಏನು ತಗೊಂಡು ಹೊಂಟ್ರಿ?"

"ನೋಡೀರಲ್ಲ ಸಾರ್."

"ಯಾರಿಗೆ ಕೊಡಾಕೆ?"

ಆಕೆ ತಿರುಗಿದಳು. ಯಾವಾಗಲೂ ತುಂಟತನದಿಂದ ಅರಳುತ್ತಿದ್ದ ಕಣ್ಣುಗಳು ಆಗ ಕಿರಿದಾದವು. ಮೂಗುಬೊಟ್ಟು ಒಂದು ಸಲ ಮಿನುಗಿತು. ಆ ಕೋಪದಲ್ಲೂ ಆಕೆ ಚೆಂದ ಕಂಡಳೆಂದು ಮರುಳಪ್ಪನಿಗೆ ತನ್ನ ಮೇಲೇ ಸಿಟ್ಟು ಬಂತು.

"ಬಂದ ದಿನಾನೇ ಇದ್ರ ವಿಷ್ಯ ಹೇಳಿದ್ದೆ. ನೀವು ನಕ್ಕಿದ್ರಿ. ಕಳ್ಳಿ ಅನ್ನಿಸ್ಕೊಂಡ ಮೇಲೆ ಇನ್ನೊಂದು ಸಲ ಹೇಳಾಕೆ ನಂಗೆ ಮನಸ್ಸಿಲ್ಲ."

"ಕಳ್ಳಿ ಅಂತ ಎಲ್ಲಂದೆ?"

"ಬಾಯಾಗೆ ಅನ್ಲಿಲ್ಲ, ಅಷ್ಟೇ."

ಆಕೆ ಹತ್ತಿದ ನ್ಯಾಮತಿ ಬಸ್ಸು ಹೊರಟಿತು. ಕಿಟಕಿಯಿಂದ ಒಂದು ನೋಟವೂ ಬರಲಿಲ್ಲ.

ಆ ರಾತ್ರಿ ಮರುಳಪ್ಪನಿಗೆ ಊಟ ಸೇರಲಿಲ್ಲ. ಬಂದ ದಿನ ಆಕೆ ಏನು ಹೇಳಿದ್ದಳು? ಹಸಿರು ಬಳೆ ನೆನಪಿತ್ತು. ಮಾತಾಡುವಾಗ ಎಡಗೆನ್ನೆಯಲ್ಲಿ ಬೀಳುವ ಗುಳಿ ನೆನಪಿತ್ತು. ಮಾತು ಮಾತ್ರ ಸುತರಾಂ ನೆನಪಿರಲಿಲ್ಲ. ಆ ಗುಳಿಯನ್ನು ನೋಡುತ್ತಾ ನಕ್ಕಿದ್ದನೇ ಹೊರತು ಮಾತಿಗೆ ನಕ್ಕಿದ್ದಲ್ಲ ಎಂದು ಆಕೆಗೆ ಹೇಗೆ ಹೇಳುವುದು?

ಅಷ್ಟರಲ್ಲಿ ಆಯುಧಪೂಜೆ ಬಂತು. ಕಂಪ್ಯೂಟರ್ ಕೋಣೆಯೆಂದರೆ ಮರುಳಪ್ಪನಿಗೆ ದೇವರಕೋಣೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗುವುದು, ಕಿಟಕಿಗೆ ಪರದೆ, ಧೂಳು ಸೋಕದಂತೆ ಪೆಟ್ಟಿಗೆಗೊಂದು ಹೊದಿಕೆ. ಅಚ್ಚಿನ ಯಂತ್ರಕ್ಕೆ ವಿಭೂತಿ ಬಳಿದ, ಕಟಿಂಗ್ ಮಿಷಿನ್ನಿಗೆ ಹೂವು ಮುಡಿಸಿದ, ಕಂಪ್ಯೂಟರಿನ ಹಣೆಗೆ ಕುಂಕುಮ ಇಟ್ಟ. ಕೊನೆಗೆ ಫ್ಲಾಪಿ. ನಾಲ್ಕೂ ಊರಿನ ಜನ ಒಳಗೆ ಕೂತಿರುವಾಗ ಬರೀ ಕವರಿನ ಮೇಲೆ ಪೂಜೆ ಮಾಡುವುದು ಸರಿಯೇ? ಕವರಿನಿಂದ ಹೊರತೆಗೆದು, ಮೂರು ಬೆರಳಲ್ಲಿ ಒದ್ದೆ ವಿಭೂತಿ ಎಳೆದು, ನಡುವೆ ಕಾಣುವ ಕಂದು ತಟ್ಟೆಗೂ ಒಂದು ಬೊಟ್ಟು ಕುಂಕುಮ ಇಟ್ಟು ಕೈಮುಗಿದ. ಹೆಸರುಗಳೆಲ್ಲ ಇರುವುದೇ ಆ ಕಂದು ತಟ್ಟೆಯಲ್ಲಿ, ಅದಕ್ಕೆ ಕೈ ಸೋಕಬಾರದೆಂಬುದು ಪಾಪ ಅವನಿಗೇನು ಗೊತ್ತು!

ಹಬ್ಬ ಮುಗಿದರೂ ರುದ್ರಾಣಿ ಕೆಲಸಕ್ಕೆ ಬರಲಿಲ್ಲ. ಆಕೆ ಮಾಡುವುದನ್ನು ನೋಡಿ ಕಲಿತಂತೆ ತಾನೇ ಕಂಪ್ಯೂಟರ್ ಹಚ್ಚಿ ಫ್ಲಾಪಿ ತೂರಿಸಿದ. ಒಳಗಿನಿಂದ ಕರ್ರ್ ಕರ್ರ್ ಎಂದು ಸದ್ದು ಬಂತು. ಪರದೆಯ ಮೇಲೆ ಓದಲಾಗುತ್ತಿಲ್ಲ ಎಂಬ ಇಂಗ್ಲಿಷ್ ಸಾಲು. ಒರೆಸಿದ, ಊದಿದ, ಮತ್ತೆ ಹಾಕಿದ. ಅದೇ ಸಾಲು. ಮರುಳಪ್ಪ ಅಲ್ಲೇ ನೆಲದ ಮೇಲೆ ಕೂತ. ಎರಡು ವರ್ಷ ಸುತ್ತಿದ್ದೆಲ್ಲ ಬೂದಿಯಾಗಿತ್ತು. ಚೀಟಿ ಬಚ್ಚಲ ಒಲೆಯಲ್ಲಿ, ಉಳಿದದ್ದು ಅವನ ಕೈಯಿಂದಲೇ.

ಆಗ, ಆ ಗಳಿಗೆಯಲ್ಲಿ, ಆಕೆಯ ಮಾತು ಗುಳಿಯ ಸಮೇತ ನೆನಪಾಯಿತು.

"ಒಂದು ಫ್ಲಾಪಿ ಕೆಟ್ರೆ ಇನ್ನೊಂದು ಇರ್ಬೇಕು ಸಾರ್. ಬ್ಯಾಕಪ್ ಅಂತಾರೆ. ಅದನ್ನ ಬೇರೆ ಮನೇಲಿ ಇಡ್ಬೇಕು."

ಮರುಳಪ್ಪ ಎದ್ದವನೇ ನ್ಯಾಮತಿ ಬಸ್ಸು ಹಿಡಿದ.

ಬಾಗಿಲು ತೆಗೆದವರು ರುದ್ರಾಣಿಯ ತಾಯಿ ಗಾದ್ರಮ್ಮ. "ಯಾರು ಬೇಕ್ರೀ?" ಎನ್ನುವಷ್ಟರಲ್ಲಿ ರುದ್ರಾಣಿಯೇ ಒಳಗಿಂದ ಬಂದಳು. ಮರುಳಪ್ಪನಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ವಿಭೂತಿ ಹಚ್ಚಿಬಿಟ್ಟೆ" ಎಂದ.

"ಯಾತಕ್ಕೆ?"

"ಫ್ಲಾಪಿಗೆ. ಕುಂಕುಮಾನೂ."

ರುದ್ರಾಣಿ ಸಿಟ್ಟಿನಲ್ಲೇ ಇರಬೇಕೆಂದು ಬಹಳ ಪ್ರಯತ್ನ ಮಾಡಿದಳು. ತುಟಿ ಕಚ್ಚಿಕೊಂಡಳು, ಮುಖ ತಿರುಗಿಸಿದಳು. ಕೊನೆಗೆ ಆ ಎಡಗೆನ್ನೆ ಮಾತು ಕೇಳಲಿಲ್ಲ.

"ನಗ್ರಿ, ಬೇಕಾದಷ್ಟು ನಗ್ರಿ. ನಿಮ್ಮ ಮೇಲೆ ಅನುಮಾನ ಪಟ್ಟೆ, ತಪ್ಪಾತು. ಅವತ್ತು ನಕ್ಕಿದ್ದು ನಿಮ್ಮ ಮಾತಿಗಲ್ಲ. ನಂಗೆ ಮಾತೇ ಕೇಳಿರ್ಲಿಲ್ಲ."

"ಮತ್ತೇನು ಮಾಡ್ತಿದ್ರಿ?"

ಮರುಳಪ್ಪ ಪಡಸಾಲೆಯ ಕಂಬದ ಕಡೆ ನೋಡಿದ. "ನಿಮ್ಮನ್ನ ನೋಡ್ತಿದ್ದೆ."

ಗಾದ್ರಮ್ಮ ಟೀ ಮಾಡುವ ನೆಪದಲ್ಲಿ ಒಳಗೆ ಹೋದರು. ಹೋಗುತ್ತಲೇ, "ಪ್ರತಿ ಶನಿವಾರ ಟ್ರಂಕ್ ತೆಗೆದು ನನ್ನ ಧಾರೆ ಸೀರೆ ಮಡಿಕೇಲಿ ಏನೋ ಬಚ್ಚಿಡ್ತಿದ್ಲು. ಯಾರದೋ ಫೋಟೋ ಅಂದ್ಕೊಂಡಿದ್ದೆ ನಾನು" ಎಂದರು.

ರುದ್ರಾಣಿಯ ಕಿವಿ ಕೆಂಪಾಯಿತು. ಟ್ರಂಕಿನಿಂದ ಕವರು ಸಮೇತ ಫ್ಲಾಪಿ ತಂದಳು. ರೇಷ್ಮೆ ಸೀರೆಯ ವಾಸನೆ ಅದಕ್ಕೂ ಹತ್ತಿತ್ತು.

"ಇದೂ ಹೋದ್ರೆ ಎಲ್ಲಾ ಮುಗೀತು. ಬಿಸಿಲು ತಾಗಬಾರ್ದು, ನೀರು ಸೋಕಬಾರ್ದು, ಅಯಸ್ಕಾಂತ ಹತ್ರ ಬರಬಾರ್ದು. ಈ ನಡುವಿನ ತಟ್ಟೆ ಮುಟ್ಟಬಾರ್ದು."

"ಪೂಜೆ?"

"ದೂರದಿಂದ ಕೈ ಮುಗೀರಿ ಸಾಕು."

ಮರುದಿನ ಪ್ರೆಸ್ಸಿನಲ್ಲಿ ಮರುಳಪ್ಪ ಪುಸ್ತಕ ಶುರುಮಾಡಲು ತುದಿಗಾಲಲ್ಲಿ ನಿಂತಿದ್ದ. ಆಕೆ ಬಿಡಲಿಲ್ಲ. ಮೊದಲು ಹೊಸ ಫ್ಲಾಪಿಗೆ ಇನ್ನೊಂದು ಪ್ರತಿ, ಆಮೇಲೆ ಕೆಲಸ. ಕಂಪ್ಯೂಟರಿನ ಒಂದು ಬಾಯಿಯಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು. ಕೆಂಪು ದೀಪಗಳು ಸರದಿಯಂತೆ ಮಿಣುಕಿದವು. ಪ್ರತಿ ತೆರೆದು ನೋಡಿದಾಗ ಪರದೆಯ ಮೇಲೆ ಕೆರೆಬಿಳಚಿಯ ಮೂಳೆ ವೈದ್ಯರು ಬಂದರು, ಜಗಳೂರಿನ ಸೆಲೆ ತೋರಿಸುವವರು ಬಂದರು. ಮರುಳಪ್ಪ ಒಂದೊಂದೇ ಹೆಸರನ್ನು ಬಾಯಲ್ಲಿ ಹೇಳಿಕೊಂಡ. ಅವನ ಕಣ್ಣು ತುಂಬಿದ್ದನ್ನು ರುದ್ರಾಣಿ ಕಂಡೂ ಕಾಣದಂತೆ ಇದ್ದಳು.

"ಒಂದು ಕೇಳ್ಲಾ?" ಎಂದ ಅವನು. "ಬೇರೆ ಮನೇಲೇ ಇಡಬೇಕು ಅಂದ್ರಲ್ಲ. ನೀವು ನಮ್ಮನೆಗೇ ಬಂದುಬಿಟ್ರೆ ಎರಡೂ ಫ್ಲಾಪಿ ಒಂದೇ ಮನ್ಯಾಗೆ ಆಗ್ತಾವೆ. ಆಗೆಂಗೆ ಮಾಡೋದು?"

ಆಕೆಯ ಬೆರಳು ಕೀಲಿಗಳ ಮೇಲೆ ನಿಂತಿತು. ಕೇಳಿದ್ದು ಏನೆಂದು ಅರ್ಥವಾಗಲು ತಡವಾಗಲಿಲ್ಲ. ಉತ್ತರ ಕೊಡಲು ಮಾತ್ರ ಬೇಕೆಂದೇ ತಡಮಾಡಿದಳು. ಮರುಳಪ್ಪನ ಪಾಲಿಗೆ ಆ ಎರಡು ವರ್ಷಕ್ಕಿಂತ ಈ ಗಳಿಗೆ ದೊಡ್ಡದಾಗಿತ್ತು.

"ಅದು ಅವ್ವನ ಟ್ರಂಕಿನಾಗೇ ಇರ್ಲಿ" ಎಂದಳು ಕೊನೆಗೆ, ಪರದೆಯಿಂದ ಕಣ್ಣು ತೆಗೆಯದೆ. "ಶನಿವಾರ ಶನಿವಾರ ಹೊಸ ಕಾಪಿ ಹಾಕಿ ಇಟ್ಟು ಬರಾಕೆ ನಾನು ತವರಿಗೆ ಹೋಗ್ಬೇಕಾಗ್ತೈತೆ. ವಾರ ವಾರ ಕಳಿಸ್ತೀನಿ ಅಂತ ನಿಮ್ಮ ಅವ್ವನಿಂದ ಮಾತು ಕೊಡಿಸ್ರಿ. ಆಮೇಲೆ ನನ್ನ ಅವ್ವನ್ನ ಕೇಳಾಕೆ ಬರ್ರಿ."

ಅವರ ಮದುವೆಯಾದ ಮೇಲೆ ನ್ಯಾಮತಿ ಬಸ್ಸಿನ ಕಂಡಕ್ಟರು ಶನಿವಾರ ಸಂಜೆ ಎಲ್ಲಿಗೆಂದು ಕೇಳುವುದನ್ನೇ ಬಿಟ್ಟ, ಕಂಡೊಡನೆ ಎರಡು ಟಿಕೆಟ್ ಹರಿಯುತ್ತಿದ್ದ. ಫ್ಲಾಪಿ ರುದ್ರಾಣಿಯ ಮಡಿಲಲ್ಲಿರುತ್ತಿತ್ತು. ಬಿಸಿಲು ತಾಗದಂತೆ ಕಿಟಕಿಯ ಪಕ್ಕ ಮರುಳಪ್ಪ ಕೂರುತ್ತಿದ್ದ.