ಇನ್ನೂರ ಐವತ್ತಾರು ಸಂಖ್ಯೆಗಳು

ಹೋಟೆಲಿನ ಸಭಾಂಗಣದ ಕಾರ್ಪೆಟ್ಟು ಒದ್ದೆ ಕಾಲುಚೀಲದ ಹಾಗೆ ನಾರುತ್ತಿತ್ತು. ಆ ನಾತ ಮುಚ್ಚಲು ಯಾರೋ ಗುಲಾಬಿ ಸೆಂಟು ಹೊಡೆದಿದ್ದರು. ಎರಡೂ ಸೇರಿ ಅವಳಿಗೆ ಬೆಳಗಿನಿಂದ ಹೇಸಿಗೆಯಾಗುತ್ತಿತ್ತು.

ಅದಕ್ಕಿಂತ ಹೆಚ್ಚು ಹೇಸಿಗೆ ತರಿಸಿದ್ದು ಅಲ್ಲಿನ ನಗುಮುಖಗಳು. ದೇಶದೇಶಗಳಿಂದ ಬಂದ ಪ್ರತಿನಿಧಿಗಳ ಬೆನ್ನು ಸವರುತ್ತ ಅವಳ ಸೋದರಮಾವ ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದ್ದು ಇದೇ ಮಾವ. ಈಗ ಅವನು ತಮ್ಮ ದೇಶದ ನಿಯೋಗದ ಮುಖ್ಯಸ್ಥ. ಇಡೀ ಅಂತಾರಾಷ್ಟ್ರೀಯ ಸಮಿತಿಯ ಅಧ್ಯಕ್ಷನಾಗಬೇಕೆಂಬ ಆಸೆ. ನಿಮ್ಮದಕ್ಕೆ ನಾವು ಕೈ ಎತ್ತುತ್ತೇವೆ, ನಮ್ಮದಕ್ಕೆ ನೀವು ಎತ್ತಿ, ಇಷ್ಟೇ ಅವನ ರಾಜಕೀಯ. ಫೋನಿನ ಮಾತು, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ರಿಪೋರ್ಟು, ಎಲ್ಲದರ ಗುಟ್ಟನ್ನು ಕಾಯುವ ಗೂಢಲಿಪಿ ಯಾವುದಾಗಬೇಕು ಅನ್ನುವುದು ಅಲ್ಲಿ ಬಿಸ್ಕತ್ತು ಹಂಚಿದಷ್ಟು ಸಲೀಸಾಗಿ ತೀರ್ಮಾನವಾಗುತ್ತಿತ್ತು. ಒಮ್ಮೆ ಅದು ಸ್ಟ್ಯಾಂಡರ್ಡ್, ಅಂದರೆ ಎಲ್ಲ ದೇಶಗಳೂ ಒಪ್ಪಿದ ಮಾದರಿ, ಆಯಿತೆಂದರೆ ಮುಗಿಯಿತು. ಯಂತ್ರ ಮಾಡುವವರು ಕಣ್ಣು ಮುಚ್ಚಿಕೊಂಡು ಅದನ್ನೇ ಒಳಗೆ ಕೂರಿಸುತ್ತಾರೆ.

ಅವಳು ಆ ಸಮಿತಿಯ ಎಡಿಟರ್. ಕರಡು ತಿದ್ದುವುದು, ಬಂದ ಆಕ್ಷೇಪಗಳಿಗೆಲ್ಲ ಉತ್ತರ ಬರೆಸುವುದು, ಆಮೇಲೆ ವೋಟಿಗೆ ಕಳಿಸುವುದು ಅವಳ ಕೆಲಸ. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆ ಅಂತ ಹಿಂದಿನಿಂದ ಅವಳನ್ನು ಕೊಕ್ಕೆ ಮೇಡಂ ಅನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ಅವತ್ತು ಅವರದೇ ಊರಿನ ಒಂದು ಕಂಪನಿಯ ಗೂಢಲಿಪಿಯ ಸರದಿ. ವಿವರಿಸಲು ಎದ್ದವನು ಕಂಪನಿಯ ಗಣಿತಜ್ಞ. ಉದ್ದ ಮನುಷ್ಯ, ಮೈಕಿಗೆ ಬಾಗಿ ಬಾಗಿ ಮಾತಾಡಿದ. ಅವನ ಗೂಢಲಿಪಿಯ ನಡುವೆ ಇನ್ನೂರ ಐವತ್ತಾರು ಸಂಖ್ಯೆಗಳ ಒಂದು ಪಟ್ಟಿ ಇತ್ತು. ಸಂದೇಶದ ಒಂದೊಂದು ಚೂರನ್ನೂ ಆ ಪಟ್ಟಿ ನೋಡಿ ಬೇರೊಂದಕ್ಕೆ ಬದಲಿಸುವುದು ಅದರ ಕ್ರಮ. ಅವಳು ಕೈ ಎತ್ತಿ, ಈ ಸಂಖ್ಯೆಗಳನ್ನು ಹೇಗೆ ಆರಿಸಿದಿರಿ ಅಂತ ಕೇಳಿದಳು. ಸುಮ್ಮನೆ ಕಣ್ಣು ಮುಚ್ಚಿ ಹೆಕ್ಕಿದ ಹಾಗೆ, ಯಾದೃಚ್ಛಿಕವಾಗಿ, ಅಂದ. ಅನ್ನುವಾಗ ಅವನ ಕಿವಿ ಕೆಂಪಾಯಿತು. ಸಭೆಯಲ್ಲಿ ಯಾರೂ ಕಿವಿ ನೋಡಲಿಲ್ಲ. ಅವಳು ನೋಡಿದಳು.

ಬಿಡುವಿನಲ್ಲಿ ಕಾಫಿ ಮಶೀನಿನ ಹತ್ತಿರ ಅವನೇ ಬಂದ.

"ನಿಮ್ಮ ಪ್ರಶ್ನೆ ಚೆನ್ನಾಗಿತ್ತು."

"ನಿಮ್ಮ ಉತ್ತರ ಚೆನ್ನಾಗಿರ್ಲಿಲ್ಲ," ಅಂದಳು.

ಅವನು ನಕ್ಕ. ನಕ್ಕದ್ದೂ ಆ ಸಭಾಂಗಣದಲ್ಲಿ ಉಳಿದವರು ನಗುತ್ತಿದ್ದ ಹಾಗಲ್ಲ, ಸಿಕ್ಕಿಬಿದ್ದವನು ನಗುವ ಹಾಗೆ. ಅವತ್ತಿಡೀ ಅವಳಿಗೆ ಅಸಹ್ಯವಾಗದ ಮುಖ ಅದೊಂದೇ.

ಆಕ್ಷೇಪಗಳಿಗೆ ಎಡಿಟರ್ ಮತ್ತು ಗೂಢಲಿಪಿಯ ಕರ್ತೃ ಜೊತೆಗೆ ಕೂತು ಉತ್ತರ ಬರೆಯಬೇಕೆಂಬುದು ನಿಯಮ. ಹಾಗಾಗಿ ವಾರವಾರವೂ ಅವನು ಅವಳ ಆಫೀಸಿಗೆ ಬರತೊಡಗಿದ. ಪಾರ್ಕಿಂಗ್ ಜಾಗದ ಕಡೆ ಕಿಟಕಿ ಇದ್ದ ಸಣ್ಣ ಕೋಣೆ, ಒಂದು ಕಾಲು ಅಲುಗಾಡುವ ಮೇಜು. ಮೇಜು ಅಲುಗಿದಾಗೆಲ್ಲ ಅವನು ಮೊಣಕಾಲಿನಿಂದ ಅದನ್ನು ಒತ್ತಿ ಹಿಡಿಯುತ್ತಿದ್ದ. ಅವಳಿಗೆ ಬರೆಯಲು ಅನುಕೂಲವಾಗಲಿ ಅಂತ ಗಂಟೆಗಟ್ಟಲೆ ಹಾಗೇ ಕೂತಿರುತ್ತಿದ್ದ.

ಸ್ಟ್ಯಾಂಡರ್ಡಿನ ಭಾಷೆಯಲ್ಲಿ 'ತಕ್ಕದ್ದು' ಅಂದರೆ ಕಡ್ಡಾಯ, 'ಬಹುದು' ಅಂದರೆ ಅವರವರ ಇಷ್ಟ. ಅವಳು ಅವನ ವಾಕ್ಯಗಳಲ್ಲಿ ತಕ್ಕದ್ದನ್ನೆಲ್ಲ ಹೊಡೆದುಹಾಕಿ ಬಹುದು ಮಾಡುತ್ತಿದ್ದಳು.

ಒಂದು ಸಂಜೆ ಅವನು ಗಂಭೀರವಾಗಿ, "ಎಡಿಟರ್ ಆದವರು ಕರ್ತೃವಿನ ಜೊತೆ ಹೊರಗೆ ಕಾಫಿಗೆ ಬರತಕ್ಕದ್ದು," ಅಂದ.

"ಬರಬಹುದು," ಅಂತ ತಿದ್ದಿದಳು.

"ಬಹುದು ಅಂದ್ರೆ ಬರ್ತೀರಾ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಅದೇ ಉತ್ತರ.

ಅವಳದು ಚಿಕ್ಕಂದಿನಿಂದ ಹೇಸುವ ಜೀವ. ಇನ್ನೊಬ್ಬರು ಬಾಯಿಟ್ಟ ಲೋಟ ಕಂಡರೆ ಮುಖ ತಿರುಗಿಸುತ್ತಿದ್ದಳು. ಅಂಥವಳು ಒಂದು ದಿನ ಮಾತಿನ ಭರದಲ್ಲಿ ಅವನ ಕಾಫಿ ಕಪ್ಪು ಎತ್ತಿ ಕುಡಿದುಬಿಟ್ಟಳು. ಗೊತ್ತಾದಾಗ ಕೆಳಗಿಡಲಿಲ್ಲ. ಅವನು ನೋಡಿದ, ಕಪ್ಪನ್ನು ಅವಳ ಕಡೆಗೇ ಸ್ವಲ್ಪ ಸರಿಸಿದ. ಅವಳ ಕಿವಿಯೂ ಅವತ್ತು ಬಿಸಿಯಾಗಿತ್ತು.

ಆಕ್ಷೇಪಗಳೆಲ್ಲ ತೀರಿದವು, ಒಂದನ್ನು ಬಿಟ್ಟು. ಅದು ಅವಳದೇ. ಸಂಖ್ಯೆಗಳ ಪ್ರಶ್ನೆ ಬಂದಾಗೆಲ್ಲ ಅವನು ಮುಂದಿನ ವಾರ ಅನ್ನುತ್ತಿದ್ದ. ಇವಳೂ ಒತ್ತಾಯಿಸುತ್ತಿರಲಿಲ್ಲ. ಊರಿಗೆಲ್ಲ ಕೊಕ್ಕೆ ಹಾಕುವವಳು ಇವನೊಬ್ಬನಿಗೆ ಯಾಕೆ ಹಾಕಲಿಲ್ಲ ಅಂತ ಆಮೇಲೆ ತನ್ನನ್ನೇ ಬೈದುಕೊಂಡಳು.

ಕೊನೆಯ ವೋಟಿಗೆ ಸ್ವಲ್ಪ ದಿನ ಇರುವಾಗ, ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಬಸ್ಸು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.

"ನಂಗೆ ನೀನು ಬೇಕು," ಅಂದ. ನೀನು ಅಂದದ್ದು ಅದೇ ಮೊದಲು. ಅವಳು ಬಾಯಿ ತೆಗೆಯುವ ಮೊದಲೇ, "ಅದಕ್ಕೇ ಇನ್ನೊಂದು ವಿಷಯ ಹೇಳ್ಬೇಕು," ಅಂದ.

ಆ ಪಟ್ಟಿ ಕಣ್ಣು ಮುಚ್ಚಿ ಹೆಕ್ಕಿದ್ದಲ್ಲ. ನೋಡುವುದಕ್ಕೆ ಚೆಲ್ಲಾಪಿಲ್ಲಿ, ಒಳಗೆ ಒಂದು ನೇಯ್ಗೆ. ಆ ನೇಯ್ಗೆ ಬಲ್ಲವನಿಗೆ ಬೀಗದ ಕೈ ಬೇಕಿಲ್ಲ. ಯಾರ ಗುಟ್ಟನ್ನಾದರೂ ಓದಬಹುದು. ಹಾಗೆ ನೇಯಲು ಕಂಪನಿಯ ಮೇಲಿನವರು ಹೇಳಿದ್ದರು. ನೇಯ್ದವನು ತಾನೇ. ಆಗ ಅದೊಂದು ಮಜವಾದ ಲೆಕ್ಕದ ಹಾಗೆ ಕಂಡಿತ್ತು ಅಂದ. ನಿನ್ನ ಹತ್ತಿರ ಸುಳ್ಳಿಟ್ಟುಕೊಂಡು ನಿನ್ನನ್ನು ಪ್ರೀತಿಸಲು ಆಗುವುದಿಲ್ಲ, ಅದಕ್ಕೇ ಹೇಳಿದೆ ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಅವನು ಅವಳ ಕೈ ಹಿಡಿದು, "ಇದು ನಮ್ಮಿಬ್ಬರಲ್ಲೇ ಇರ್ಲಿ," ಅಂದ.

ಅವಳ ಮೈಮೇಲೆ ಹುಳ ಹರಿದಂತಾಯಿತು. ಕೈ ಕೊಸರಿಕೊಂಡಳು.

"ನೀನು ನಂಗೆ ಪ್ರೀತಿ ಕೊಡ್ತಿಲ್ಲ," ಅಂದಳು. "ನಿನ್ನ ಹೊಲಸಲ್ಲಿ ಪಾಲು ಕೊಡ್ತಿದ್ದೀಯ."

ಎದ್ದು ಹೋಗಿ ಆಫೀಸಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದಳು. ಅವನ ಕಾಫಿ ಕಪ್ಪು, ಅವನ ಕೈ, ಬೆಂಚಿನ ಬಿಸಿ, ಎಲ್ಲವನ್ನೂ ಉಗುಳಿದಳು. ಅಳು ಬಂತು, ಅದರ ಮೇಲೂ ಅಸಹ್ಯವಾಯಿತು.

ಮನೆಗೆ ಬಂದು ಮಾವನಿಗೆ ಹೇಳಿದಳು, ಆ ಪಟ್ಟಿಯಲ್ಲಿ ಮೋಸವಿದೆ, ವೋಟಿಗೆ ಹಾಕಬೇಡ ಅಂತ. ಅವನು ಗಾಬರಿಯಾಗುತ್ತಾನೆ ಅಂದುಕೊಂಡಿದ್ದಳು. ಅವನು ಹಲ್ಲಿನ ಸಂದಿಯಿಂದ ಏನನ್ನೋ ಕಡ್ಡಿಯಲ್ಲಿ ಕೀಳುತ್ತ ಕೂತಿದ್ದ.

"ಎಲ್ಲರ ಮನೆಗೂ ಹಿತ್ತಲ ಬಾಗಿಲು ಅಂತ ಒಂದು ಇರುತ್ತೆ ಪುಟ್ಟಿ," ಅಂದ. "ಬೇರೆಯವರದರಲ್ಲಿ ಇಲ್ಲ ಅಂತ ಏನು ಗ್ಯಾರಂಟಿ? ಅದಿರ್ಲಿ, ನಿಂಗೆ ಯಾರು ಹೇಳಿದ್ದು?"

ಅವಳ ಬಾಯಿಂದ ಹೆಸರು ಬರಲಿಲ್ಲ. ಬಸ್ ಸ್ಟಾಪಿನಿಂದ ಅಷ್ಟು ಹೇಸಿ ಬಂದವಳು ಇನ್ನೂ ಆ ಗಣಿತಜ್ಞನನ್ನು ಕಾಪಾಡುತ್ತಿದ್ದೇನೆ ಅಂತ ಹೊಳೆದಾಗ ಅವಳಿಗೆ ತನ್ನ ಮೇಲೆಯೇ ವಾಕರಿಕೆ ಬಂತು. ಅದೇ ವಾರ ಪೆಟ್ಟಿಗೆ ಕಟ್ಟಿಕೊಂಡು ಆಫೀಸಿನ ಹತ್ತಿರ ಒಂದು ಬಾಡಿಗೆ ರೂಮಿಗೆ ಹೋದಳು.

ವೋಟಿನ ಹಿಂದಿನ ದಿನ ಗಣಿತಜ್ಞನಿಗೆ ಫೋನ್ ಮಾಡಿದಳು. ನೀನು ಹೇಳಿದ್ದನ್ನು ನಾನು ಮಾವನಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಅವನಿಗೂ ನಿನ್ನ ಹೆಸರು ಹೇಳಿಲ್ಲ, ಸಭೆಯಲ್ಲಿ ನಾನಾಗಿ ಹೇಳುವುದೂ ಇಲ್ಲ, ಆದರೆ ಕರಡಿಗೆ ಎಡಿಟರ್ ಅಂತ ಸಹಿಯನ್ನೂ ಹಾಕುವುದಿಲ್ಲ, ಯಾಕೆ ಅಂತ ಕೇಳಿದವರಿಗೆ ನಿನ್ನ ಕಡೆ ಕೈ ತೋರಿಸುತ್ತೇನೆ ಅಂದಳು. ಅವನ ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು.

ಮರುದಿನ ಅವಳು ಹಾಗೇ ಮಾಡಿದಳು. ಸಹಿ ಯಾಕಿಲ್ಲ ಅಂತ ಒಬ್ಬ ಪ್ರತಿನಿಧಿ ಕೇಳಿದ. ಕರ್ತೃವನ್ನೇ ಕೇಳಿ ಅಂದಳು. ಅವನು ಎದ್ದ. ಮೈಕಿಗೆ ಬಾಗಿ, ಆ ಸಂಖ್ಯೆಗಳನ್ನು ಹೇಗೆ ನೇಯ್ದೆ ಅಂತ ಶುರುಮಾಡಿದ. ಪಕ್ಕದಲ್ಲಿದ್ದ ಕಂಪನಿ ಮುಖ್ಯಸ್ಥ ಅವನ ಕೋಟಿನ ತುದಿ ಹಿಡಿದೆಳೆದ. ಆತಿಥೇಯ ನಿಯೋಗದ ಪರವಾಗಿ ಅವತ್ತಿನ ಸಭೆ ನಡೆಸುತ್ತಿದ್ದ ಮಾವ ಥಟ್ಟನೆ, ಈಗ ಚಹಾ ವಿರಾಮ ಅಂತ ಘೋಷಿಸಿದ. ಅರ್ಧ ಸಭೆ ಸಮಾಧಾನದ ಉಸಿರು ಬಿಟ್ಟು ಬಿಸ್ಕತ್ತಿನ ಕಡೆ ಹೊರಟಿತು. ಜಗತ್ತಿನ ಗುಟ್ಟೆಲ್ಲ ಸೋರುವ ತೂತನ್ನು ಒಬ್ಬ ತೋರಿಸುತ್ತಿದ್ದರೆ ಇವರಿಗೆ ಚಹಾ ಆರಿಹೋಗುವ ಚಿಂತೆ.

ಹಿಂದಿನ ಸಾಲಿನಲ್ಲಿದ್ದ ಒಂದು ಪುಟ್ಟ ದೇಶದ ಮುದುಕಿ ಮಾತ್ರ ಏಳಲಿಲ್ಲ. ಹುಡುಗ ಹೇಳಿ ಮುಗಿಸಲಿ, ನಾನು ಚಹಾ ಕುಡಿಯುವುದಿಲ್ಲ ಅಂದಳು. ಒಬ್ಬರ ಹಿಂದೆ ಒಬ್ಬರಾಗಿ ಕೆಲವರು ವಾಪಸು ಕೂತರು. ಅವನು ಬೋರ್ಡಿನ ಮೇಲೆ ಬರೆದು ತೋರಿಸಿದ. ಲೆಕ್ಕದ ಒಂದು ಹೆಜ್ಜೆಯನ್ನೂ ಹಾರಿಸಲಿಲ್ಲ.

ಮುಂದೆ ಆದದ್ದರಲ್ಲೂ ಹೇಸಿಗೆಗೇನೂ ಕೊರತೆ ಇರಲಿಲ್ಲ. ಗೂಢಲಿಪಿಯನ್ನು ಯಾರೂ ತಿರಸ್ಕರಿಸಲಿಲ್ಲ. 'ಹೆಚ್ಚಿನ ಅಧ್ಯಯನಕ್ಕೆ' ಅಂತ ಪಕ್ಕಕ್ಕಿಟ್ಟು, ಕೆಲವು ತಿಂಗಳ ಮೇಲೆ ಸದ್ದಿಲ್ಲದೆ ಕೈಬಿಟ್ಟರು. ಮಾವ ಅಧ್ಯಕ್ಷನೇ ಆದ. ಪಾರದರ್ಶಕತೆ ನಮ್ಮ ಉಸಿರು ಅಂತ ಭಾಷಣ ಬಿಗಿದ. ಗಣಿತಜ್ಞನ ಕೆಲಸ ಹೋಯಿತು. ಒಂದು ಶಾಲೆಯಲ್ಲಿ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾನೆ ಅಂತ ಅವಳ ಕಿವಿಗೆ ಬಿತ್ತು. ಅವಳು ಫೋನ್ ಮಾಡಲಿಲ್ಲ.

ಒಂದು ಭಾನುವಾರ ಮಾವನ ಹೆಂಡತಿ, ಅವಳ ಅತ್ತೆ, ರೂಮಿಗೆ ಬಂದಳು. ತಂದಿದ್ದ ದಿಂಬಿಗೆ ಕವರ್ ಹಾಕುತ್ತ, ಮಾವನ ಬಾಯಿಂದ ಕೇಳಿದ್ದ ಆ ಹುಡುಗನ ವಿಷಯ ಎತ್ತಿದಳು. ಅವನನ್ನು ನೆನೆದರೆ ಹೇಸಿಗೆಯಾಗುತ್ತೆ ಅಂದಳು ಇವಳು. ಅತ್ತೆ ದಿಂಬನ್ನು ಕೊಡವಿದಳು.

"ನಾನು ನಿಮ್ಮ ಮಾವನ ಜೊತೆ ಹೇಸಿಕೊಂಡೇ ಬಾಳಿದವಳು ಕಣೇ. ಅವರು ಒಂದು ದಿನಾನೂ ಎದ್ದು ನಿಂತು, ಇದು ನಾನು ಮಾಡಿದ್ದು ಅಂತ ಹೇಳಲಿಲ್ಲ. ಹೇಳಿದ್ದಿದ್ರೆ ನಂಗೆ ಸಾಕಿತ್ತು."

ಅತ್ತೆ ಹೋದ ಮೇಲೆ ಅವಳು ಆ ಶಾಲೆಯ ವಿಳಾಸ ಹುಡುಕಿದಳು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತಳು. ಅವನು ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿಕೊಂಡು ಹೊರಗೆ ಬಂದ. ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟ. ಹತ್ತಿರ ಬರಬಹುದೋ ಬಾರದೋ ಎಂಬಂತೆ ದೂರದಲ್ಲೇ ನಿಂತು, ಬೆರಳಿನ ಸುಣ್ಣ ಒರೆಸಿಕೊಂಡ. ತೆಳ್ಳಗಾಗಿದ್ದ. ಅದು ಅವಳಿಗೆ ಇಷ್ಟವಾಗಲಿಲ್ಲ.

"ನಿನ್ನ ಮೇಲಿನ ಹೇಸಿಗೆ ಇನ್ನೂ ಪೂರ್ತಿ ಹೋಗಿಲ್ಲ," ಅಂದಳು.

ಅವನು ತಲೆಯಾಡಿಸಿದ. "ಹೋಗೋವರೆಗೂ ಕಾಯ್ತೀನಿ."

"ದೂರ ನಿಂತು ಕಾದ್ರೆ ಅದು ಹೋಗಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳು ತಾನೇ ಎರಡು ಹೆಜ್ಜೆ ಮುಂದೆ ಬಂದು, ಅವನ ತೋಳಿನ ಸುಣ್ಣವನ್ನು ಅಂಗೈಯಿಂದ ಕೊಡವಿದಳು. ಸುಣ್ಣ ಅವಳ ಕೈಗೆ ಮೆತ್ತಿಕೊಂಡಿತು. ಒರೆಸಿಕೊಳ್ಳದೆ ಹಾಗೇ ಅವನ ಕೈ ಹಿಡಿದು ರಸ್ತೆ ದಾಟಿದಳು.